ನೆರಳಿನ ಕಡೆ

ಪರದೆಯ ಮೇಲೆ ಒಂಬತ್ತನೆಯ ಸ್ಲೈಡು ಇತ್ತು. ಇಪ್ಪತ್ತೇಳನೆಯದಕ್ಕೆ ಇನ್ನು ಹದಿನೆಂಟು. ಅತಿಥಿ ಉಪನ್ಯಾಸಕ್ಕೆಂದು ಬಂದಿದ್ದ ಭೂವಿಜ್ಞಾನಿ ನದಿ ಹೊತ್ತು ತರುವ ಮಣ್ಣಿನ ಬಗ್ಗೆ ಮಾತಾಡುತ್ತಿದ್ದ. ಬಾಯಿ ತನ್ನ ಪಾಡಿಗೆ ಮಾತಾಡುತ್ತಿತ್ತು, ಅದಕ್ಕೆ ಮೂವತ್ತು ವರ್ಷದ ಅಭ್ಯಾಸ. ಮನಸ್ಸು ಮಾತ್ರ ಕೂತು ಲೆಕ್ಕ ಹಾಕುತ್ತಿತ್ತು. ಸ್ಲೈಡಿಗೆ ಎರಡು ನಿಮಿಷ ಹಿಡಿದರೆ ಹದಿನೆಂಟಕ್ಕೆ ಮೂವತ್ತಾರು ನಿಮಿಷ. ಗೋಡೆ ಗಡಿಯಾರದಲ್ಲಿ ಈಗ ಹನ್ನೊಂದು ಇಪ್ಪತ್ತು, ಹನ್ನೆರಡಕ್ಕೆ ಮುಗಿಸಬೇಕು. ಎರಡರ ಬದಲು ಮೂರು ನಿಮಿಷ ಎಳೆದರೆ ಇಪ್ಪತ್ತೇಳು ಬರುವುದರೊಳಗೆ ಗಂಟೆ ಹೊಡೆದುಬಿಡುತ್ತದೆ. ಎಳೆಯಬೇಕು. ಎಳೆಯುವುದೇನು ಮಹಾ, ವಿಶ್ವವಿದ್ಯಾಲಯದ ಮೇಷ್ಟರುಗಳು ವರ್ಷಪೂರ್ತಿ ಮಾಡುವುದು ಅದನ್ನೇ ತಾನೆ ಎಂದುಕೊಂಡು ಅವನು ಮರಳಿನ ಕಣಕ್ಕೂ ಜೇಡಿಯ ಕಣಕ್ಕೂ ಇರುವ ವ್ಯತ್ಯಾಸವನ್ನು ಮೊದಲಿನಿಂದ ವಿವರಿಸತೊಡಗಿದ. ಮುಂದಿನ ಸಾಲಿನಲ್ಲಿ ಯಾರೋ ಆಕಳಿಸಿದರು. ಆಕಳಿಸಲಿ. ಅವನಿಗೆ ಬೇಕಾದದ್ದೂ ಅದೇ, ಇಡೀ ಕೊಠಡಿಗೆ ನಿದ್ದೆ ಹತ್ತುವುದು.

ಉಪನ್ಯಾಸಕ್ಕೆ ಐದು ನಿಮಿಷ ಮುಂಚೆ, ಲ್ಯಾಪ್‌ಟಾಪಿನ ಎಡ ಅಂಚಿನಲ್ಲಿ ಸಾಲಾಗಿ ನಿಂತ ಪುಟ್ಟ ಚಿತ್ರಗಳನ್ನು ಸರಿಸುತ್ತ ಹೋದಾಗ ಆ ಇಪ್ಪತ್ತೇಳನೆಯದು ಕಣ್ಣಿಗೆ ಬಿದ್ದಿತ್ತು. ಮಣ್ಣಿನ ಪೆಟ್ಟಿಗೆಯ ಫೋಟೋ, ಅಂಚು ಕತ್ತರಿಸದ ಮೂಲ ಫೋಟೋ. ಇಲ್ಲಿರಬಾರದಾಗಿತ್ತು ಅದು, ಆ ಗುಡ್ಡದ ವಿಷಯವೇ ಇರಬಾರದಾಗಿತ್ತು. ಅಳಿಸಿಬಿಡೋಣವೆಂದು ಬೆರಳು ಮುಂದೆ ಹೋಗುವಷ್ಟರಲ್ಲಿ ಭುಜದ ಹಿಂದಿನಿಂದ ವಿಭಾಗದ ಮುಖ್ಯಸ್ಥ ಬಗ್ಗಿ, "ಓಹೋ, ಪೆಟ್ಟಿಗೆ ಫೋಟೋ! ಇದಿಲ್ದೆ ನಿಮ್ಮ ಲೆಕ್ಚರ್ ಉಂಟಾ ಸರ್," ಎಂದು ನಕ್ಕಿದ್ದ. ಮುಖ್ಯಸ್ಥ ಒಂದು ಕಾಲದಲ್ಲಿ ಅವನ ಕೈಕೆಳಗೆ ತರಬೇತಿ ಪಡೆದ ಹುಡುಗ. ಈಗ ಹೊಟ್ಟೆ ಬಂದಿದೆ, ಕೂದಲಿಗೆ ಬಣ್ಣ ಬಂದಿದೆ, ಆದರೆ ಗುರುಗಳು ಎಂಬ ಭಕ್ತಿ ಹಾಗೇ ಉಳಿದಿದೆ. ಆ ಭಕ್ತಿಯ ಎದುರಿಗೆ ಅಳಿಸುವುದು ಹೇಗೆ? ಯಾಕೆ ಸರ್ ಎಂದು ಕೇಳಿದರೆ ಏನು ಹೇಳುವುದು? ಅವನು ಬೆರಳನ್ನು ಹಿಂದಕ್ಕೆ ತೆಗೆದುಕೊಂಡು ನೀರು ಕುಡಿದಿದ್ದ.

ಮಗಳಿಗೆ ಸ್ಪಷ್ಟವಾಗಿ ಹೇಳಿದ್ದ. ಈ ಸಲ ಗುಡ್ಡ ಬೇಡ, ಬರೀ ಮಣ್ಣು, ನೀರು, ಅಂತರ್ಜಲ ಸಾಕು ಎಂದು. ಅವಳು ಬೆಳಿಗ್ಗೆ ಪೆನ್‌ಡ್ರೈವ್ ಕೈಗಿಡುತ್ತ, "ಅಪ್ಪಾ, ಎಲ್ಲಾ ಹೊಸದಾಗಿ ಮಾಡಿದ್ದೀನಿ. ನಿನ್ನ ಹಳೇ ಸ್ಲೈಡೆಲ್ಲ ಮಸುಕು ಮಸುಕು. ನೋಡ್ತಾ ಇರು, ಜನ ಬಾಯಿ ಬಿಡ್ಬೇಕು," ಎಂದಿದ್ದಳು. ಗುಡ್ಡ ತೆಗೆದೆಯಾ ಎಂದು ಕೇಳಬೇಕಿತ್ತು. ಕೇಳಿದರೆ, "ಯಾಕಪ್ಪಾ, ಅದೇ ತಾನೆ ನಿನ್ನ ಹೆಸರು ಮಾಡಿದ್ದು," ಎಂದು ವಾದಕ್ಕೆ ನಿಲ್ಲುತ್ತಾಳೆ ಎಂದು ಸುಮ್ಮನಾಗಿದ್ದ. ಅವಳ ಮಟ್ಟಿಗೆ ಅಪ್ಪನದು ಸಂಕೋಚ. ಸಂಕೋಚವನ್ನು ಮಕ್ಕಳು ಬಿಡಿಸಬೇಕು. ಒಳ್ಳೆಯ ಫೋಟೋ ಸಿಗಲೆಂದು ಹಳೆಯ ಕಂಪ್ಯೂಟರಿನ ತಳ ತಡಕಿ, ಅಲ್ಲಿ ಬಿದ್ದಿದ್ದನ್ನು ಎತ್ತಿ ತಂದಿದ್ದಾಳೆ. ಒಂಬತ್ತು ವರ್ಷದಿಂದ ಅವನು ಅದನ್ನು ತೆರೆದಿರಲಿಲ್ಲ, ಅಳಿಸಿಯೂ ಇರಲಿಲ್ಲ. ಅಳಿಸಬಹುದಿತ್ತಲ್ಲ? ಕೆಲಸಕ್ಕೆ ಸೇರಿದ ಮೊದಲ ವಾರವೇ ಕಲಿತ ಪಾಠ: ದತ್ತಾಂಶವನ್ನು ಎಂದೂ ಎಸೆಯಬಾರದು. ಸುಳ್ಳು ಹೇಳಬಹುದು, ಆದರೆ ಎಸೆಯಬಾರದು. ಎಂಥ ಪ್ರಾಮಾಣಿಕತೆ ಎಂದು ತನ್ನ ಮೇಲೇ ಅಸಹ್ಯಪಡುತ್ತ ಅವನು ಹನ್ನೊಂದನೆಯ ಸ್ಲೈಡಿಗೆ ಹೋದ.

ಮೇಜಿನ ಮೇಲೆ ಇನ್ನೊಂದು ಹಿಂಸೆ ಇಟ್ಟಿದ್ದರು. ವಿದ್ಯಾರ್ಥಿಗಳು ನೋಡಲೆಂದು ವಿಭಾಗದ ಸಂಗ್ರಹಾಲಯದಿಂದ ನಿಜವಾದ ಒಂದು ಪೆಟ್ಟಿಗೆಯನ್ನೇ ಹೊತ್ತು ತರಿಸಿದ್ದ ಮುಖ್ಯಸ್ಥ. ಮರದ ಉದ್ದನೆಯ ಪೆಟ್ಟಿಗೆ, ಒಳಗೆ ಐದು ಸಾಲು. ನೆಲಕ್ಕೆ ಕೊರೆಯುವ ಯಂತ್ರ ಇಳಿಸಿ ಮೇಲೆತ್ತಿದ ಮಣ್ಣುಕಲ್ಲಿನ ದುಂಡನೆಯ ತುಂಡುಗಳನ್ನು ಒಂದೊಂದು ಸಾಲಿಗೆ ಒಂದೊಂದು ಮೀಟರಿನಂತೆ ಮಲಗಿಸಿರುತ್ತಾರೆ. ಮೊದಲ ಸಾಲು ನೆಲದ ಮೇಲ್ಭಾಗ, ಐದನೆಯದು ತಳ. ಅಂಚಿನಲ್ಲಿ ಆಳವನ್ನು ಮೀಟರಿನಲ್ಲಿ ತೋರಿಸುವ ಕೆಂಪು ಬಣ್ಣದ ಅಂಕಿಗಳು. ಅಂಕಿಗಳು ನೆಟ್ಟಗೆ ಕಾಣುವ ಕಡೆ ಕೂತು, ಎಡದಿಂದ ಬಲಕ್ಕೆ, ಮೇಲಿನಿಂದ ಕೆಳಕ್ಕೆ ಓದಬೇಕು. ಇಷ್ಟೇ. ಹತ್ತನೇ ಕ್ಲಾಸಿನ ಮಗುವಿಗೂ ಹೇಳಿಕೊಡಬಹುದು. ಈಗ ಪೆಟ್ಟಿಗೆಯನ್ನು ವಿದ್ಯಾರ್ಥಿಗಳ ಕಡೆ ಮುಖ ಮಾಡಿ ಇಟ್ಟಿದ್ದರಿಂದ ವೇದಿಕೆಯ ಮೇಲೆ ನಿಂತವನಿಗೆ ಅಂಕಿಗಳು ತಲೆಕೆಳಗಾಗಿ ಕಾಣುತ್ತಿದ್ದವು. ಅವನು ಆ ಕಡೆ ನೋಡದಿರಲು ಪ್ರಯತ್ನಿಸಿದ. ಬೆರಳುಗಳು ಮಾತ್ರ ತಾವಾಗಿಯೇ ಹೋಗಿ ಪೆಟ್ಟಿಗೆಯ ಅಂಚನ್ನು ಸವರಿ ಬಂದವು.

ಬಿಸಿಲಿತ್ತು ಆ ದಿನ, ತಲೆ ಸಿಡಿಯುವಂಥ ಬಿಸಿಲು. ಗುಡ್ಡದ ಓರೆಯಲ್ಲಿ ಮನೆಗಳ ಸಾಲು ಕಟ್ಟುವ ಮೊದಲು ಕೆಳಗೊಂದು ತಡೆಗೋಡೆ ಎಬ್ಬಿಸಬೇಕಿತ್ತು. ಗೋಡೆಯ ಬುನಾದಿ ಎಷ್ಟು ಆಳ ಇಳಿಯಬೇಕೆಂದು ಹೇಳುವುದು ಅವನ ಕೆಲಸ. ನೆಲ ಕೊರೆದ ಡ್ರಿಲ್ಲರ್ ಪೆಟ್ಟಿಗೆ ತುಂಬಿ, ಅಂಕಿ ಬರೆದು, ಒರೆಸಿ, ಬಿಸಿಲಿನ ಕಡೆಗೆ ಒಂದು ಸ್ಟೂಲು ಹಾಕಿಟ್ಟಿದ್ದ. ಭೂವಿಜ್ಞಾನಿ ಬಂದದ್ದೇ ಒಂದು ಗಂಟೆ ತಡವಾಗಿ. ಸ್ಟೂಲನ್ನು ಎತ್ತಿಕೊಂಡು ಹೋಗಿ ಎದುರು ಬದಿಯಲ್ಲಿ, ಯಂತ್ರದ ನೆರಳು ಬೀಳುತ್ತಿದ್ದ ಕಡೆ ಹಾಕಿಕೊಂಡು ಕೂತ. ಓದುವ ಕನ್ನಡಕ ಜೀಪಿನಲ್ಲೇ ಉಳಿದಿತ್ತು. ಅಂಕಿಗಳನ್ನು ನೋಡುವ ಅಗತ್ಯವೂ ಅವನಿಗೆ ಕಾಣಲಿಲ್ಲ, ತನ್ನ ಟೇಪನ್ನು ತನಗೆ ಕಂಡಂತೆ ಎಡಗಡೆ ಮೇಲಿನ ಮೂಲೆಯಿಂದ ಹಿಡಿದು ಅಳೆಯತೊಡಗಿದ. ಯಾರ ಅಳತೆಯನ್ನೂ ನಂಬದೆ ತಾನೇ ಅಳೆಯುತ್ತಾನೆಂದು ಕೆಲಸಗಾರರು ಅವನಿಗೆ ಟೇಪ್ ಸಾಹೇಬರು ಎಂದು ಹೆಸರಿಟ್ಟಿದ್ದರು, ಅದು ಅವನಿಗೆ ಒಳಗೊಳಗೇ ಹೆಮ್ಮೆ. ಮೇಲ್ಮಣ್ಣನ್ನು ಬುಲ್ಡೋಜರು ಮೊದಲೇ ಕೆರೆದು ಹಾಕಿದ್ದರಿಂದ ಪೆಟ್ಟಿಗೆಯ ತುಂಬ ಒಂದೇ ಹಳದಿ ಮಣ್ಣು, ನಡುವೆ ಒಂದೇ ಒಂದು ಕಡೆ ನಾಲ್ಕು ಬೆರಳಗಲದ ಬೂದುಬಣ್ಣದ ಜೇಡಿ. ಒದ್ದೆಯಾದರೆ ಸೋಪಿನಂತೆ ಜಾರುವ ಜೇಡಿ. "ಜೇಡಿ ಒಂದು ಮೀಟರಿನಲ್ಲಿ," ಎಂದು ಅವನು ಬರೆದುಕೊಂಡ. ಡ್ರಿಲ್ಲರ್ ಹತ್ತಿರ ಬಂದು ಕೆಮ್ಮಿದ. "ಸಾರ್, ತಾವು ಆ ಕಡೆ ಕೂತಿದ್ದೀರಿ. ಈ ಕಡೆ ಬನ್ನಿ." ಅಲ್ಲಿ ಇಂಜಿನಿಯರಿದ್ದರು, ಗುತ್ತಿಗೆದಾರರಿದ್ದರು. "ಎಲ್ಲಿ ಕೂರ್ಬೇಕು ಅಂತ ನೀನು ನನಗೆ ಹೇಳಿಕೊಡ್ತೀಯೇನಯ್ಯಾ?" ಎಂದ ಅವನು. ಎಲ್ಲರೂ ನಕ್ಕರು. ಡ್ರಿಲ್ಲರ್ ಕೂಡ ನಕ್ಕ, ಸೊಂಟಕ್ಕೆ ಕಟ್ಟಿದ್ದ ಚಿಂದಿಯಲ್ಲಿ ಕೈ ಒರೆಸಿಕೊಳ್ಳುತ್ತ ಹಿಂದೆ ಸರಿದ.

"ಸರ್, ಜೇಡಿ ಯಾಕೆ ಜಾರುತ್ತೆ?" ಎರಡನೆಯ ಸಾಲಿನ ಹುಡುಗಿ ಕೇಳುತ್ತಿದ್ದಳು. ನೆಗಡಿಯಾಗಿದ್ದ ಹುಡುಗಿ, ಮೊದಲಿನಿಂದಲೂ ಕರವಸ್ತ್ರವನ್ನು ಮೂಗಿಗೆ ಒತ್ತಿಕೊಂಡು, ಇನ್ನೊಂದು ಕೈಯಲ್ಲಿ ಬರೆದುಕೊಳ್ಳುತ್ತಲೇ ಇದ್ದಳು. ಒಳ್ಳೆಯ ಪ್ರಶ್ನೆ ಎಂದ. ನಿಜವಾಗಿಯೂ ಖುಷಿಯಾಯಿತು, ಇದರ ಮೇಲೆ ಐದು ನಿಮಿಷ ಕಳೆಯಬಹುದು. ಜೇಡಿಯ ಹಾಳೆಗಳ ನಡುವೆ ನೀರು ಹೇಗೆ ಸೇರಿಕೊಳ್ಳುತ್ತದೆ, ಹೇಗೆ ಅವು ಒಂದರ ಮೇಲೊಂದು ಸರಿಯುತ್ತವೆ ಎಂದು ಬೋರ್ಡಿನ ಮೇಲೆ ಬರೆದು ತೋರಿಸಿದ. ಸೀಮೆಸುಣ್ಣ ಮುರಿಯಿತು. ಬಗ್ಗಿ ಎತ್ತಿಕೊಳ್ಳುವಾಗ ಮೊಣಕಾಲು ಲಟಕ್ಕೆಂದಿತು, ಹಿಂದಿನ ಬೆಂಚಿನವರು ಕಿಸಕ್ಕೆಂದರು. ಅವಳ ಮುಂದೆ ಬೆಂಚಿನ ಮೇಲೆ ಎರಡು ಪುಟದ ಟಿಪ್ಪಣಿ ಇತ್ತು. ಕಳೆದ ವರ್ಷ ಅವನೇ ಬರೆದುಕೊಟ್ಟದ್ದು, ಈ ವರ್ಷವೂ ಜೆರಾಕ್ಸ್ ಮಾಡಿಸಿ ಎಲ್ಲರಿಗೂ ಹಂಚಿದ್ದರು. ಅದರ ಎರಡನೆಯ ಪುಟದಲ್ಲಿ ಏನಿದೆಯೆಂದು ಅವನಿಗೆ ಬಾಯಿಪಾಠ. "ಕೆಲಸಗಾರನು ಮಣ್ಣಿನ ತುಂಡುಗಳನ್ನು ಪೆಟ್ಟಿಗೆಯಲ್ಲಿ ಹಿಂದುಮುಂದಾಗಿ ಜೋಡಿಸಿದ್ದರಿಂದ ನಾಲ್ಕು ಮೀಟರಿನಲ್ಲಿದ್ದ ಜೇಡಿ ಒಂದು ಮೀಟರಿನಲ್ಲಿ ಇರುವಂತೆ ಕಂಡಿತು." ಒಂದು ಮೀಟರಾದರೆ ಅಗೆದು ತೆಗೆದುಬಿಡಬಹುದು, ಎರಡು ಮೀಟರಿಗೆ ಬುನಾದಿ ಹಾಕಿದರೆ ಧಾರಾಳ. ಹಾಗೇ ಹಾಕಿದರು. ಅದಕ್ಕೂ ಎರಡು ಮೀಟರು ಕೆಳಗೆ ಜೇಡಿ ತಣ್ಣಗೆ ಮಲಗಿತ್ತು. ನಾಲ್ಕನೆಯ ವರ್ಷ ಮೂರು ದಿನ ಬಿಡದೆ ಮಳೆ ಸುರಿದು, ಗೋಡೆ, ಅದರ ಮೇಲಿನ ಎರಡು ಮನೆ ಎಲ್ಲವೂ ಒಟ್ಟಿಗೆ ಜಾರಿ ಬಂದವು. ಏಳು ಜನ.

ವಿಚಾರಣೆಯ ಹಿಂದಿನ ದಿನ, ಸೈಟಿನಲ್ಲಿ ಅಂದು ತಾನೇ ತೆಗೆದಿದ್ದ ಫೋಟೋವನ್ನು ತೆರೆದು ನೋಡಿದಾಗಲೇ ಅವನಿಗೆ ಗೊತ್ತಾದದ್ದು. ಕೂತಲ್ಲಿಂದಲೇ ತೆಗೆದ ಫೋಟೋ. ಅಂಚಿನಲ್ಲಿ ಕೆಂಪು ಅಂಕಿಗಳು ತಲೆಕೆಳಗಾಗಿದ್ದವು, ಐದು ಮೇಲೆ, ಒಂದು ಕೆಳಗೆ. ಆಮೇಲೆ ಅಂಕಿಗಳು ಕಾಣದಂತೆ ನಾಲ್ಕೂ ಅಂಚುಗಳನ್ನು ಒಪ್ಪವಾಗಿ ಕತ್ತರಿಸಿದ. ಮಾರನೆಯ ದಿನ ವಿಚಾರಣೆಯ ಹಿರಿಯರು, ಪೆಟ್ಟಿಗೆ ತುಂಬಿದವನೇ ತುಂಡುಗಳನ್ನು ಹಿಂದುಮುಂದಾಗಿ ಇಟ್ಟಿರುವ ಸಾಧ್ಯತೆ ಇದೆಯೇ ಎಂದು ಕೇಳಿದರು. ಇಟ್ಟ ಎಂದು ಅವನು ಹೇಳಲಿಲ್ಲ. "ಸಾಧ್ಯತೆ ಇದೆ," ಎಂದ. ವಿಜ್ಞಾನಿ ಆಡುವಂಥದ್ದೇ ಮಾತು, ಅಳೆದು ತೂಗಿ ಆಡಿದ್ದು. ಮನೆಗೆ ಬಂದು ಹೆಂಡತಿಗೆ ಹೇಳಿದಾಗ ಅವಳು ಬಟ್ಟೆ ಮಡಚುತ್ತಿದ್ದವಳು ತಲೆಯೆತ್ತಿ, "ಸಾಧ್ಯತೆ ಅಂದ್ರೇನ್ರೀ? ಅವನು ಮಾಡಿದ್ನೋ ಇಲ್ವೋ?" ಎಂದು ಕೇಳಿದ್ದಳು. ನಿನಗೆ ಅದೆಲ್ಲ ಅರ್ಥವಾಗಲ್ಲ ಎಂದು ಅವಳ ಬಾಯಿ ಮುಚ್ಚಿಸಿದ್ದ. ಡ್ರಿಲ್ಲರನ ಕೆಲಸ ಹೋಯಿತು. ಇವನಿಗೆ ಕರೆಗಳು ಬರತೊಡಗಿದವು. ಸಣ್ಣ ತಪ್ಪಿನಿಂದ ದೊಡ್ಡ ಅನಾಹುತ ಎಂಬ ವಿಷಯದ ಮೇಲೆ ಮಾತಾಡಲು ಇವರಿಗಿಂತ ಯಾರು ಬೇಕು? ಇಲ್ಲಿಯವರೆಗೆ ಎಂಟು ಕಡೆ ಮಾತಾಡಿದ್ದಾನೆ. ಎಂಟು ಕಡೆಯೂ ಚಪ್ಪಾಳೆ.

ಹನ್ನೊಂದು ನಲವತ್ತು. ಹದಿನಾರನೆಯ ಸ್ಲೈಡು. ಇನ್ನು ಇಪ್ಪತ್ತು ನಿಮಿಷ ದಾಟಿಸಿದರೆ ಆಯಿತು. ಕೊಠಡಿಯ ಹಿಂದೆ, ಮೂರು ಕಾಲಿನ ಕ್ಯಾಮೆರಾದ ಪಕ್ಕದಲ್ಲಿ ವಿಭಾಗದ ತಂತ್ರಜ್ಞ ಕೈಕಟ್ಟಿ ನಿಂತಿದ್ದ. ಕ್ಯಾಮೆರಾದ ಕೆಂಪು ದೀಪ ಉರಿಯುತ್ತಿತ್ತು. ಎಲ್ಲ ಅತಿಥಿ ಉಪನ್ಯಾಸಗಳನ್ನೂ ಇವರು ಚಿತ್ರೀಕರಿಸಿ ಎಲ್ಲರೂ ನೋಡುವಂತೆ ಹಾಕುತ್ತಾರೆ. ಯಾರು ನೋಡುತ್ತಾರೆ ಇದನ್ನೆಲ್ಲ ಎಂದು ಹೋದ ತಿಂಗಳವರೆಗೆ ಅವನು ತಮಾಷೆ ಮಾಡುತ್ತಿದ್ದ. ಹೋದ ತಿಂಗಳು ಕಣ್ಣಿನ ಪರೀಕ್ಷೆಗೆಂದು ಆಸ್ಪತ್ರೆಗೆ ಹೋಗಿದ್ದಾಗ, ಲಿಫ್ಟಿನೊಳಗೆ ಸ್ಟೂಲಿನ ಮೇಲೆ ಕೂತು ಗುಂಡಿ ಒತ್ತುತ್ತಿದ್ದವನು, "ಎಷ್ಟನೇ ಮಹಡಿ?" ಎಂದು ಕೇಳಿ, ಮುಖ ನೋಡಿ, ತಟ್ಟನೆ ಎದ್ದು ನಿಂತ. "ಸಾರ್! ಟೇಪ್ ಸಾಹೇಬ್ರು ಅಲ್ವಾ? ಗುರುತು ಸಿಗ್ಲಿಲ್ವಾ ಸಾರ್?" ಸಿಕ್ಕಿತ್ತು. ಕೈಗಳಿಂದಲೇ ಸಿಕ್ಕಿತ್ತು. ಡ್ರಿಲ್ಲರ್ ಇವನ ಮಗಳ ಆರೋಗ್ಯ ಕೇಳಿದ. ಸೈಟಿಗೆ ಬಂದು ಕಲ್ಲು ಆಯ್ದುಕೊಂಡು ಹೋಗುತ್ತಿದ್ದಳಲ್ಲ, ಮದುವೆ ಆಯಿತಾ ಎಂದ. ಎರಡನೆಯ ಮಹಡಿ ದಾಟುವಾಗ, ಸ್ಟ್ರೆಚರಿನ ಜೊತೆ ನಿಂತ ನರ್ಸಿಗೆ ಕೇಳದಂತೆ ದನಿ ತಗ್ಗಿಸಿದ. "ನಿಮ್ಮ ಭಾಷಣ ಎಲ್ಲ ಫೋನಲ್ಲಿ ನೋಡ್ತೀನಿ ಸಾರ್. ಕೆಲಸಗಾರ ಅಂತಷ್ಟೇ ಹೇಳ್ತೀರಿ, ನಾನು ಅಂತ ಎಲ್ಲೂ ಹೇಳಿಲ್ಲ. ಅದು ನಿಮ್ಮ ದೊಡ್ಡತನ. ಮೊದ್ಲು ನಾನು ಸರಿಯಾಗೇ ಜೋಡ್ಸಿದ್ದೆ ಅಂತ ಹಟ ಹಿಡಿದಿದ್ದೆ ಸಾರ್. ಈಗ ನಂಗೇ ಅನುಮಾನ. ಅಷ್ಟು ಓದಿದವರು ಅಷ್ಟು ಸಲ ಹೇಳ್ಬೇಕಾದ್ರೆ ನಾನೇ ಎಲ್ಲೋ ಎಡವಿರ್ಬೇಕು. ಏಳು ಜನ ಸಾರ್. ಮರ್ತುಬಿಡಿ ಅಂತಾಳೆ ನಮ್ಮವಳು. ಹೇಗೆ ಮರೆಯೋದು ಹೇಳಿ?" ಅವನು, "ಹಳೇದೆಲ್ಲ ಯಾಕೀಗ," ಎಂದು ಮೂರನೆಯ ಮಹಡಿಯಲ್ಲೇ ಇಳಿದುಬಿಟ್ಟ. ಹೋಗಬೇಕಾದದ್ದು ಐದಕ್ಕೆ. ಉಳಿದ ಎರಡನ್ನು ಮೆಟ್ಟಿಲಲ್ಲಿ ಹತ್ತಿದ, ಕಟಕಟೆ ಹಿಡಿದುಕೊಂಡು, ಅಲ್ಲಲ್ಲಿ ನಿಂತು. ಕೆಲಸ ಕಿತ್ತುಕೊಂಡದ್ದು ಗೊತ್ತಿತ್ತು. ತಾನು ಮಾಡದ ಕೊಲೆಯನ್ನು ಆ ಮನುಷ್ಯ ತನ್ನದೇ ಎಂದು ಹೊತ್ತುಕೊಂಡು ದಿನವಿಡೀ ಮೇಲೆ ಕೆಳಗೆ ಹೋಗಿಬರುತ್ತಿದ್ದಾನೆಂದು ಗೊತ್ತಿರಲಿಲ್ಲ.

"ಸರ್, ಕ್ಷಮಿಸಿ," ಮುಖ್ಯಸ್ಥ ಕುರ್ಚಿಯಿಂದ ಎದ್ದಿದ್ದ. "ಟೈಮ್ ಓಡ್ತಾ ಇದೆ. ಅಂತರ್ಜಲ ನಾನು ಪಾಠ ಮಾಡ್ಕೊಳ್ತೀನಿ. ಮಕ್ಕಳು ಕಾಯ್ತಿರೋದು ಗುಡ್ಡಕ್ಕೆ." ಬೇಡ, ಕ್ರಮವಾಗಿ ಹೋಗೋಣ ಎಂದ ಅವನು. ಮುಖ್ಯಸ್ಥ ಅದನ್ನೂ ಸಂಕೋಚವೆಂದೇ ತಿಳಿದು, ನಗುತ್ತ ಬಂದು ಲ್ಯಾಪ್‌ಟಾಪಿನ ಗುಂಡಿ ಒತ್ತುತ್ತ ಹೋದ. ಹದಿನೇಳು, ಇಪ್ಪತ್ತು, ಇಪ್ಪತ್ತೈದು ಸರಸರನೆ ಸರಿದವು. ಆಮೇಲೆ ಗೋಡೆಯಗಲದ ಪೆಟ್ಟಿಗೆ. ಮಗಳು ಹೇಳಿದ್ದು ನಿಜ, ಎಷ್ಟು ಸ್ಪಷ್ಟವಾಗಿತ್ತೆಂದರೆ ಹಳದಿ ಮಣ್ಣಿನ ಬಿರುಕುಗಳು ಕೂಡ ಕಾಣುತ್ತಿದ್ದವು. ಅಂಚಿನಲ್ಲಿ ಅವನ ಬೂಟಿನ ತುದಿ. ಬೂಟಿನ ಮೇಲೆ ನೆರಳು.

ಬಹುಶಃ ಯಾರೂ ಗಮನಿಸುವುದಿಲ್ಲ, ಯಾರು ತಾನೆ ಅಂಕಿ ನೋಡುತ್ತಾರೆ ಎಂದು ಅವನು ಉಸಿರು ಬಿಡುವಷ್ಟರಲ್ಲಿ ನೆಗಡಿಯ ಹುಡುಗಿ, "ಸರ್, ಫೋಟೋ ತಲೆಕೆಳಗಾಗಿದೆ," ಎಂದಳು. "ಅಯ್ಯೋ ಹೌದಲ್ಲ," ಎಂದು ಮುಖ್ಯಸ್ಥ ಎರಡು ಗುಂಡಿ ಒತ್ತಿದ. ಪೆಟ್ಟಿಗೆ ಅರ್ಧ ಸುತ್ತು ತಿರುಗಿತು. ಒಂದು ಮೇಲೆ ಬಂತು, ಐದು ಕೆಳಗೆ ಹೋಯಿತು. ಬೂದು ಜೇಡಿ ನಾಲ್ಕು ಮೀಟರು ಮುಗಿದು ಐದನೆಯ ಸಾಲು ಶುರುವಾಗುವಲ್ಲಿ, ಡ್ರಿಲ್ಲರ್ ತನ್ನ ದಪ್ಪ ಅಕ್ಷರದಲ್ಲಿ "4" ಎಂದು ಬರೆದ ಗುರುತಿನ ಪಕ್ಕದಲ್ಲೇ ಇತ್ತು. ಹುಡುಗಿ ಪರದೆ ನೋಡಿದಳು, ಟಿಪ್ಪಣಿ ನೋಡಿದಳು, ಮತ್ತೆ ಪರದೆ ನೋಡಿದಳು.

"ಆದ್ರೆ ಸರ್, ಇಲ್ಲಿ ಜೇಡಿ ನಾಲ್ಕರಲ್ಲೇ ಇದೆಯಲ್ಲ. ಕೆಲಸಗಾರರು ಸರಿಯಾಗೇ ಜೋಡಿಸಿದ್ದಾರೆ. ಹಾಗಾದ್ರೆ ಒಂದು ಅಂತ ಬರೆದದ್ದು ಯಾರು?"

ಮುಖ್ಯಸ್ಥನ ಮುಖದಲ್ಲಿ ಏನೋ ಹಾದುಹೋಯಿತು. ಅವನೂ ಇದೇ ಕಸುಬಿನವನು, ಪೆಟ್ಟಿಗೆ ಓದಬಲ್ಲವನು. ಒಂದು ಕ್ಷಣ ಗುರುಗಳ ಕಡೆ ನೋಡಿ, ತಕ್ಷಣ ಕಣ್ಣು ತಪ್ಪಿಸಿ, ದೊಡ್ಡದಾಗಿ ಚಪ್ಪಾಳೆ ತಟ್ಟಿದ. "ಭೇಷ್! ನೋಡಿದ್ರಾ? ಸರ್ ಬೇಕಂತಲೇ ಹೀಗೆ ಹಾಕಿದ್ದು. ನಿಮ್ಮಲ್ಲಿ ಯಾರು ಕಣ್ಣು ಬಿಟ್ಕೊಂಡು ನೋಡ್ತಾರೆ ಅಂತ ಪರೀಕ್ಷೆ. ಅಲ್ವಾ ಸರ್?" ಕೊಠಡಿಯಿಡೀ ಚಪ್ಪಾಳೆ ಹೊಡೆಯಿತು. ಹುಡುಗಿ ನಾಚಿ ಕೂತಳು. ಎಷ್ಟು ಸುಲಭ. ಹೌದು ಎಂದು ತಲೆಯಾಡಿಸಿದರೆ ಮುಗಿಯಿತು. ಮಾತು ಕೂಡ ಬೇಡ. ಮುಖ್ಯಸ್ಥ ಬಾಗಿಲು ತೆರೆದು ಹಿಡಿದು ನಿಂತಿದ್ದಾನೆ, ಇವನು ದಾಟಿಕೊಳ್ಳಬೇಕಷ್ಟೆ. ಮನೆ ಇದೆ ಆ ಕಡೆ, ಮಗಳಿದ್ದಾಳೆ, ಅಪ್ಪಾ ಹೇಗಾಯ್ತು ಎಂದು ಕೇಳುತ್ತಾಳೆ. ಅವನ ತಲೆ ಆಡಿತು. ಅದು ಹೌದು ಎಂದಿತೋ ಅಲ್ಲ ಎಂದಿತೋ ಅವನಿಗೇ ತಿಳಿಯಲಿಲ್ಲ. ಕೆಂಪು ದೀಪ ಉರಿಯುತ್ತಲೇ ಇತ್ತು. ಇನ್ನೆರಡು ದಿನದಲ್ಲಿ ಲಿಫ್ಟಿನೊಳಗೆ ಸ್ಟೂಲಿನ ಮೇಲೆ ಕೂತು ಆ ಮನುಷ್ಯ ಇದನ್ನು ನೋಡುತ್ತಾನೆ. ತನ್ನ ಕೈಬರಹದ ಅಂಕಿಗಳನ್ನು ನೋಡುತ್ತಾನೆ. ಆಮೇಲೆ ಈ ಚಪ್ಪಾಳೆ ಕೇಳುತ್ತಾನೆ, ಇದೆಲ್ಲ ಸಾಹೇಬರು ಮಕ್ಕಳಿಗಿಟ್ಟ ಪರೀಕ್ಷೆಯೆಂದು ನಂಬುತ್ತಾನೆ.

"ಬಾಮ್ಮ ಇಲ್ಲಿ," ಎಂದ ಅವನು. ಹುಡುಗಿ ಅನುಮಾನಿಸುತ್ತ ಎದ್ದು ಬಂದು ಮೇಜಿನ ಆಚೆ ಬದಿಗೆ ನಿಂತಳು. ಈಚೆ ಬದಿಯಲ್ಲಿ ಅವನು ಜೇಬಿನಿಂದ ಟೇಪು ತೆಗೆದ. ಟೇಪಿನ ತಗಡು ಮರಕ್ಕೆ ಬಡಿದು ಕಟಕಟ ಸದ್ದಾಯಿತು. ಸಂಗ್ರಹಾಲಯದ ಪೆಟ್ಟಿಗೆಯನ್ನು ತನ್ನ ಕಡೆಯಿಂದಲೇ ನೋಡುತ್ತ, ತನಗೆ ಕಂಡಂತೆ ಎಡಗಡೆ ಮೇಲಿನ ಮೂಲೆಯಿಂದ ಆ ಸಾಲಿನ ತುದಿಯವರೆಗೆ ಹಿಡಿದು, "ಇದು ಒಂದು ಮೀಟರು," ಎಂದ. ಹುಡುಗಿ ಅಂಕಿ ನೋಡಿದಳು, ಅವನ ಮುಖ ನೋಡಿದಳು. ದೊಡ್ಡವರ ತಪ್ಪು ತಿದ್ದುವಾಗಿನ ಮುಜುಗರದಲ್ಲಿ, ಯಾರಿಗೂ ಕೇಳಿಸದಿರಲಿ ಎಂಬಂತೆ ಮೆಲ್ಲಗೆ, "ಸರ್, ನೀವು ಆ ಕಡೆ ನಿಂತಿದ್ದೀರಿ. ಈ ಕಡೆ ಬನ್ನಿ," ಎಂದಳು.

ಅವನಿಗೆ ಅಳು ಬಂತು. ತಡೆದುಕೊಳ್ಳಲು ಟೇಪನ್ನು ಬಿಗಿಯಾಗಿ ಹಿಡಿದ. "ಅವನೂ ಇದನ್ನೇ ಹೇಳಿದ್ದ," ಎಂದ. "ಡ್ರಿಲ್ಲರು. ಇದೇ ಮಾತು. ನನಗೇ ಹೇಳಿಕೊಡ್ತೀಯಾ ಅಂದೆ. ಬಿಸಿಲಿತ್ತು ಅಂತ ನಾನು ನೆರಳಿನ ಕಡೆ ಕೂತಿದ್ದೆ."

ಚಪ್ಪಾಳೆಯ ನಗು ಇನ್ನೂ ಕೆಲವರ ಮುಖದಲ್ಲಿ ಉಳಿದಿತ್ತು. ಮುಖ್ಯಸ್ಥ ಹಿಂದೆ ತಿರುಗಿ ಕ್ಯಾಮೆರಾದ ಕಡೆ ಕೈ ಬೀಸಿ, ಕತ್ತರಿಸು ಎಂಬಂತೆ ಎರಡು ಬೆರಳಾಡಿಸಿದ. ತಂತ್ರಜ್ಞ ಗುಂಡಿಗೆ ಕೈ ಹಾಕಿದ.

"ನಿಲ್ಲಿಸಬೇಡಪ್ಪಾ," ಎಂದ ಭೂವಿಜ್ಞಾನಿ. "ಅವನು ನೋಡ್ತಾನೆ."

"ಸರ್, ಹುಷಾರಿಲ್ವಾ ನಿಮಗೆ? ಕೂತ್ಕೊಳ್ಳಿ," ಎಂದು ಮುಖ್ಯಸ್ಥ ತೋಳು ಹಿಡಿದ. ಅವನು ಆ ಕೈಯನ್ನು ಬಿಡಿಸಿಕೊಂಡ, ಒರಟಾಗಿ ಅಲ್ಲ. ವೇದಿಕೆಯ ಮೆಟ್ಟಿಲಿಳಿದು ಮೇಜನ್ನು ಸುತ್ತಿಕೊಂಡು ಹೋದ. ಆರೇಳು ಹೆಜ್ಜೆ ಇರಬೇಕು. ಮೊಣಕಾಲು ಮತ್ತೆ ಲಟಕ್ಕೆಂದಿತು, ಈ ಸಲ ಯಾರೂ ನಗಲಿಲ್ಲ. ಹುಡುಗಿ ಪಕ್ಕಕ್ಕೆ ಸರಿದು ಜಾಗ ಮಾಡಿಕೊಟ್ಟಳು. ಅವನು ಅಂಗಿಯ ಜೇಬಿನಿಂದ ಓದುವ ಕನ್ನಡಕ ತೆಗೆದು ಹಾಕಿಕೊಂಡು, ಕ್ಯಾಮೆರಾದ ಕಡೆ ಒಮ್ಮೆ ತಿರುಗಿ, ಆಮೇಲೆ ಪರದೆಯ ಕಡೆ ನೋಡಿದ. ಎಡದಿಂದ ಬಲಕ್ಕೆ, ಮೇಲಿನಿಂದ ಕೆಳಕ್ಕೆ ಗಟ್ಟಿಯಾಗಿ ಓದಿದ. ಒಂದು. ಎರಡು. ಮೂರು.

"ನಾಲ್ಕು," ಎಂದ. "ಜೇಡಿ ನಾಲ್ಕರಲ್ಲಿದೆ. ನೀನು ಸರಿಯಾಗೇ ಜೋಡಿಸಿದ್ದೆ ಕಣಯ್ಯಾ."